ಬೇಸ್‌ಬಾಲ್ ಕಾರ್ಡ್‌ಗಳ ಮುದ್ರಣ ಸಾಮಗ್ರಿ ಮತ್ತು ಆಟಗಾರರ ಕರಾರು ಪತ್ರ: ಕೊಳ್ಳುವ ಮುನ್ನ ಏನನ್ನು ನೋಡಬೇಕು?

ಎಡಿಸನ್ ನಿವಾಸಿ:

ಎಲ್ಲರಿಗೂ ನಮಸ್ಕಾರ. ನ್ಯೂಜೆರ್ಸಿಗೆ ಬಂದು ನೆಲೆಸಿದ ಮೇಲೆ ಬೇಸ್‌ಬಾಲ್ ನನಗೆ ಹಿಡಿಸಿತು. ಕೆಲವು ವರ್ಷಗಳಿಂದ ಆಟಗಾರರ ಚಿತ್ರವಿರುವ ಕಾರ್ಡ್‌ಗಳನ್ನು ಮುದ್ರಿಸಿ ಮಾರುವ ಟಾಪ್ಸ್ ಕಂಪನಿಯ ಹಳೆಯ ಕಾರ್ಡ್‌ಗಳನ್ನು ಸಂಗ್ರಹಿಸುತ್ತಿದ್ದೇನೆ. ಈಚೆಗೆ ನನ್ನ ಗಮನ ಕಾರ್ಡ್‌ಗಳಿಗಿಂತ ಹೆಚ್ಚಾಗಿ, ಅವು ತಯಾರಾಗುವಾಗ ಬಳಕೆಯಾದ ವಸ್ತುಗಳ ಕಡೆಗೆ, ಅಂದರೆ ಫಿಲಂ, ಬಣ್ಣದ ಪ್ರೂಫ್ (ಮುದ್ರಣಕ್ಕೆ ಮುನ್ನ ತೆಗೆಯುವ ಪರೀಕ್ಷಾ ಅಚ್ಚು), ಹಲವು ಕಾರ್ಡ್‌ಗಳು ಒಟ್ಟಿಗೆ ಅಚ್ಚಾದ ಕತ್ತರಿಸದ ಹಾಳೆ ಹಾಗೂ ಆಟಗಾರರು ಕಾರ್ಡ್ ಕಂಪನಿಗೆ ಸಹಿ ಮಾಡಿಕೊಟ್ಟ ಕರಾರು ಪತ್ರಗಳ ಕಡೆಗೆ ಹೊರಳಿದೆ.

ಸದ್ಯ ಎರಡು ವಸ್ತುಗಳು ನನ್ನ ಮುಂದಿವೆ. ಒಂದು, 1960ರ ದಶಕದಲ್ಲಿ ಅಷ್ಟೇನೂ ಹೆಸರಾಗದ ಆಟಗಾರನೊಬ್ಬ ಟಾಪ್ಸ್ ಕಂಪನಿಯೊಂದಿಗೆ ಮಾಡಿಕೊಂಡ ಕರಾರು. ಇನ್ನೊಂದು, 1970ರ ದಶಕದ ಒಂದು ಕಾರ್ಡಿನ ಪ್ರೂಫ್‌ಗಳ ಗುಂಪು. ಮಾರುವವರ ಹೇಳಿಕೆಯಂತೆ ಅದರಲ್ಲಿ ಪ್ರತಿ ಬಣ್ಣಕ್ಕೂ ಒಂದೊಂದು ಪ್ರೂಫ್ ಇದೆ. ಎರಡರ ಬೆಲೆಯೂ ಹೆಚ್ಚುಕಡಿಮೆ ಒಂದೇ. ಒಂದನ್ನು ಮಾತ್ರ ಕೊಳ್ಳಬಲ್ಲೆ. ಇಂತಹ ವಸ್ತುಗಳ ಸಾಚಾತನವನ್ನು ಹೇಗೆ ಪರೀಕ್ಷಿಸುತ್ತೀರಿ, ಯಾವುದಕ್ಕೆ ಹೆಚ್ಚು ಮಹತ್ವ ಕೊಡುತ್ತೀರಿ ಎಂಬುದನ್ನು ತಿಳಿದವರು ದಯವಿಟ್ಟು ವಿವರವಾಗಿ ಬರೆಯಬೇಕು.

ಹಳೆಕಡತ:

ಕರಾರಿನ ವಿಷಯದಿಂದಲೇ ಆರಂಭಿಸುತ್ತೇನೆ, ಏಕೆಂದರೆ ನನ್ನ ಅಭಿಪ್ರಾಯದಲ್ಲಿ ಯಾವ ಕಾರ್ಡ್ ಹುಟ್ಟಬೇಕು, ಯಾವುದು ಹುಟ್ಟಬಾರದು ಎಂಬುದನ್ನು ತೀರ್ಮಾನಿಸಿದ್ದು ಆ ಪತ್ರಗಳೇ. ಕಾರ್ಡ್‌ಗಳನ್ನು ಮಾತ್ರ ನೋಡುವವರಿಗೆ ಕೆಲವು ವರ್ಷಗಳ ಸರಣಿಗಳಲ್ಲಿ ಅರ್ಥವಾಗದ ಖಾಲಿ ಜಾಗಗಳು ಕಾಣುತ್ತವೆ. ಯಾಂಕೀಸ್ ತಂಡದ ಪ್ರಸಿದ್ಧ ಆಟಗಾರ ಮಿಕ್ಕಿ ಮ್ಯಾಂಟಲ್ 1954 ಮತ್ತು 1955ರ ಟಾಪ್ಸ್ ಸರಣಿಗಳಲ್ಲಿ ಏಕೆ ಇಲ್ಲ? ಆಗ ಆತನ ಚಿತ್ರದ ಹಕ್ಕು ಪ್ರತಿಸ್ಪರ್ಧಿ ಬೌಮನ್ ಕಂಪನಿಯ ಬಳಿ ಇತ್ತು. ಮೌರಿ ವಿಲ್ಸ್ 1962ರಲ್ಲಿ ನೂರಕ್ಕೂ ಹೆಚ್ಚು ಬೇಸ್‌ಗಳನ್ನು ಕದ್ದು (ಅಂದರೆ ಚೆಂಡು ಹೊಡೆತಕ್ಕೆ ಕಾಯದೆ ಓಡಿ ಮುಂದಿನ ಬೇಸ್ ತಲುಪಿ) ನ್ಯಾಷನಲ್ ಲೀಗಿನ ಅತ್ಯಂತ ಮೌಲ್ಯಯುತ ಆಟಗಾರನೆನಿಸಿಕೊಂಡರೂ ಆತನ ಮೊದಲ ಟಾಪ್ಸ್ ಕಾರ್ಡ್ ಬಂದದ್ದು 1967ರಲ್ಲಿ. ಕೆಳದರ್ಜೆಯ ಲೀಗ್‌ಗಳಲ್ಲಿ ಆಡುತ್ತಿದ್ದ ಕಾಲದಲ್ಲಿ ಕಂಪನಿ ಆತನಿಂದ ಸಹಿ ಪಡೆದಿರಲಿಲ್ಲ.

ಇದಕ್ಕೆ ಅತ್ಯಂತ ಸ್ಪಷ್ಟವಾದ ಉದಾಹರಣೆ ರೆಡ್ ಸಾಕ್ಸ್ ತಂಡದ ಹೆಸರಾಂತ ಆಟಗಾರ ಟೆಡ್ ವಿಲಿಯಮ್ಸ್. 1954ರಲ್ಲಿ ಬೌಮನ್ ತನ್ನ ಸರಣಿಯ 66ನೆಯ ಕಾರ್ಡಾಗಿ ಆತನನ್ನು ಮುದ್ರಿಸಿ, ಆತ ಟಾಪ್ಸ್‌ಗೆ ಬದ್ಧನಾಗಿದ್ದ ಕಾರಣ ಅದನ್ನು ಹಿಂತೆಗೆದುಕೊಂಡು, ಅದೇ ಸಂಖ್ಯೆಯಲ್ಲಿ ಜಿಮ್ಮಿ ಪಿಯರ್ಸಾಲ್‌ನ ಕಾರ್ಡನ್ನು ಹಾಕಬೇಕಾಯಿತು. ಐದು ವರ್ಷಗಳ ನಂತರ ವಿಲಿಯಮ್ಸ್ ಫ್ಲೀರ್ ಕಂಪನಿಯ ಕಡೆಗೆ ಬಂದಾಗ, ಅದು ಆತನೊಬ್ಬನ ಬದುಕನ್ನೇ ಕುರಿತು 80 ಕಾರ್ಡ್‌ಗಳ ಸರಣಿಯನ್ನು ಹೊರತಂದಿತು. ಅದರ 68ನೆಯ ಕಾರ್ಡಿನಲ್ಲಿ ವಿಲಿಯಮ್ಸ್ 1959ರ ಸಾಲಿನ ಕರಾರಿಗೆ ಸಹಿ ಹಾಕುತ್ತಿರುವ ಚಿತ್ರವಿತ್ತು. ಪಕ್ಕದಲ್ಲಿದ್ದ ರೆಡ್ ಸಾಕ್ಸ್ ತಂಡದ ಬಕಿ ಹ್ಯಾರಿಸ್ ಟಾಪ್ಸ್‌ನೊಂದಿಗೆ ಒಪ್ಪಂದ ಮಾಡಿಕೊಂಡಿದ್ದರಿಂದ ಆ ಕಾರ್ಡನ್ನೂ ಹಿಂತೆಗೆಯಲಾಯಿತು. ಸಹಿ ಹಾಕುವ ಚಿತ್ರವೊಂದು ಬೇರೊಂದು ಸಹಿಯ ಕಾರಣದಿಂದ ಮರೆಯಾದ ಈ ಪ್ರಸಂಗವನ್ನು ತಿಳಿದ ಮೇಲೆ ಕರಾರು ಪತ್ರಗಳನ್ನು ನಾನು ಕಾರ್ಡ್‌ಗಳ ಹುಟ್ಟಿನ ದಾಖಲೆಗಳೆಂದೇ ಪರಿಗಣಿಸುತ್ತೇನೆ. ಆ 68ನೆಯ ಕಾರ್ಡಿಗೆ ನಕಲುಗಳು ಬಹಳ ಇವೆ ಎಂಬ ಎಚ್ಚರಿಕೆಯನ್ನೂ ಇಲ್ಲೇ ಹೇಳಿಬಿಡುತ್ತೇನೆ.

ಟಾಪ್ಸ್‌ನ ಪದ್ಧತಿ ಸರಳವಾಗಿತ್ತು. ಕಂಪನಿಯ ಸೈ ಬರ್ಗರ್ ಮತ್ತು ಅವರ ಜೊತೆಗಾರರು ಆಟಗಾರರನ್ನು ಮೈನರ್ ಲೀಗ್ (ಕೆಳದರ್ಜೆಯ ಲೀಗ್) ಹಂತದಲ್ಲಿಯೇ ಹುಡುಕಿ, 5 ಡಾಲರ್ ಕೊಟ್ಟು ಸಹಿ ಪಡೆಯುತ್ತಿದ್ದರು. ಆಟಗಾರ ಮೇಜರ್ ಲೀಗ್ ತಂಡದಲ್ಲಿ ನೆಲೆಯೂರಿದ ಮೇಲೆ ವರ್ಷಕ್ಕೆ 125 ಡಾಲರ್ ಸಿಗುತ್ತಿತ್ತು. ಹಣ ಬೇಡವೆಂದವರು ಕಂಪನಿಯ ಉಡುಗೊರೆ ಪಟ್ಟಿಯಿಂದ ಗೃಹೋಪಯೋಗಿ ವಸ್ತುಗಳನ್ನು ಆರಿಸಿಕೊಳ್ಳಬಹುದಿತ್ತು. ಆದ್ದರಿಂದ ಹೆಸರಾಗದ ಆಟಗಾರನ ಕರಾರು ಎಂದು ನೀವು ಹಿಂಜರಿಯಬೇಕಿಲ್ಲ. ದೊಡ್ಡ ಹೆಸರಿನ ಕರಾರಿಗೆ ಜನ ಕೊಡುವ ಬೆಲೆಯ ಬಹುಪಾಲು ಸಹಿಗೆ ಸಲ್ಲುತ್ತದೆ. ಸಾಧಾರಣ ಆಟಗಾರನ ಕರಾರಿನಲ್ಲಿಯೂ ಷರತ್ತುಗಳು ಅವೇ ಇರುತ್ತವೆ, ಮತ್ತು ಆ ಷರತ್ತುಗಳನ್ನು ಓದುವುದಕ್ಕಾಗಿಯೇ ನಾನಂತೂ ಇವುಗಳನ್ನು ಕೊಳ್ಳುತ್ತೇನೆ.

ಧಾರವಾಡದ ವಕೀಲೆ:

ಹಳೆಕಡತ ಸರ್ ಹೇಳಿದ್ದಕ್ಕೆ ಕಾನೂನಿನ ಕಡೆಯಿಂದ ಸ್ವಲ್ಪ ಸೇರಿಸುತ್ತೇನೆ. ಈ ಪತ್ರಗಳು ಸಂಗ್ರಾಹಕರಿಗೆ ಮಾತ್ರ ಸಂಬಂಧಿಸಿದವಲ್ಲ. ಬೌಮನ್ ಕಾರ್ಡ್‌ಗಳ ಅಂದಿನ ಒಡೆಯರಾಗಿದ್ದ ಹೇಲನ್ ಲ್ಯಾಬೊರೇಟರೀಸ್ ಸಂಸ್ಥೆಯು ಟಾಪ್ಸ್ ವಿರುದ್ಧ ಹೂಡಿದ ಮೊಕದ್ದಮೆಯಲ್ಲಿ ನ್ಯಾಯಾಧೀಶ ಜೆರೋಮ್ ಫ್ರಾಂಕ್ 1953ರಲ್ಲಿ ಕೊಟ್ಟ ತೀರ್ಪು, ಒಬ್ಬ ವ್ಯಕ್ತಿಗೆ ತನ್ನ ಚಿತ್ರದ ವಾಣಿಜ್ಯ ಬಳಕೆಯ ಮೇಲೆ ಹಕ್ಕಿದೆ, ಆ ಹಕ್ಕನ್ನು ಆತ ಇನ್ನೊಬ್ಬರಿಗೆ ವಹಿಸಿಕೊಡಬಹುದು ಎಂಬ ತತ್ತ್ವಕ್ಕೆ ಅಮೆರಿಕದಲ್ಲಿ ಅಡಿಪಾಯ ಹಾಕಿತು. ಇಂದು ನಟರೂ ಆಟಗಾರರೂ ತಮ್ಮ ಚಿತ್ರದ ಹಕ್ಕಿಗಾಗಿ ನ್ಯಾಯಾಲಯಕ್ಕೆ ಹೋದಾಗ ಬಳಸುವ ವಾದದ ಒಂದು ಮುಖ್ಯ ಬೇರು ಚೂಯಿಂಗ್ ಗಮ್ ಜೊತೆಗೆ ಮಾರುತ್ತಿದ್ದ ಕಾರ್ಡ್‌ಗಳ ಜಗಳದಲ್ಲಿದೆ.

ಟಾಪ್ಸ್ 1956ರಲ್ಲಿ ಬೌಮನ್ ಅನ್ನೇ ಕೊಂಡುಕೊಂಡಿತು. ಕರಾರಿನ ಭಾಷೆಯ ಮಹತ್ವ ಅಲ್ಲಿಂದ ಮುಂದೆ ಇನ್ನೂ ಚೆನ್ನಾಗಿ ಕಾಣುತ್ತದೆ. ಫ್ಲೀರ್ 1963ರಲ್ಲಿ ಗಮ್ ಬಿಟ್ಟು ಬಿಸ್ಕತ್ತಿನ ಜೊತೆ ಕಾರ್ಡ್ ಮಾರಿದ್ದು, ಆಟಗಾರರು ಟಾಪ್ಸ್‌ಗೆ ಬರೆದುಕೊಟ್ಟ ಹಕ್ಕು ಗಮ್ ಮತ್ತು ಮಿಠಾಯಿಗೆ ಸಂಬಂಧಿಸಿದ್ದು ಎಂಬ ಲೆಕ್ಕಾಚಾರದಿಂದ. ಆ ಪ್ರಯತ್ನ ಮುಂದುವರಿಯಲಿಲ್ಲ. 1975ರಲ್ಲಿ ಫ್ಲೀರ್ ಟಾಪ್ಸ್ ವಿರುದ್ಧ ಹೂಡಿದ ದಾವೆಯಲ್ಲಿ 1980ರಲ್ಲಿ ಅದಕ್ಕೆ ಜಯ ಸಿಕ್ಕಿ, 1981ರಲ್ಲಿ ಫ್ಲೀರ್ ಮತ್ತು ಡಾನ್‌ರಸ್ ಎಂಬ ಇನ್ನೊಂದು ಕಂಪನಿಯ ಕಾರ್ಡ್‌ಗಳು ಮಾರುಕಟ್ಟೆಗೆ ಬಂದವು. ಅದೇ ವರ್ಷ ಮೇಲ್ಮನವಿಯಲ್ಲಿ ತೀರ್ಪು ತಿರುಗಿ, ಗಮ್ ಜೊತೆ ಕಾರ್ಡ್ ಮಾರುವ ಹಕ್ಕು ಟಾಪ್ಸ್‌ಗೇ ಉಳಿಯಿತು. 1982ರಲ್ಲಿ ಫ್ಲೀರ್ ಗಮ್ ಬದಲು ತಂಡಗಳ ಲಾಂಛನದ ಸ್ಟಿಕ್ಕರ್‌ಗಳನ್ನೂ ಡಾನ್‌ರಸ್ ಚಿತ್ರಬಂಧದ (ಜಿಗ್‌ಸಾ) ತುಣುಕುಗಳನ್ನೂ ಪೊಟ್ಟಣಕ್ಕೆ ಹಾಕಿದ್ದಕ್ಕೆ ಕಾರಣ ಇದೇ. ಒಂದು ಷರತ್ತಿನ ವ್ಯಾಖ್ಯಾನ ಬದಲಾದಾಗ ಮಕ್ಕಳ ಕೈಗೆ ಸಿಗುವ ಪೊಟ್ಟಣವೂ ಬದಲಾಯಿತು.

ಕೊಳ್ಳುವವರಿಗೆ ನನ್ನ ಸಲಹೆ ಇಷ್ಟು: ಸಹಿಯನ್ನು ನೋಡುವ ಮೊದಲು ಪತ್ರವನ್ನು ಪೂರ್ತಿ ಓದಿ. ದಿನಾಂಕ, ಆಟಗಾರನ ಅಂದಿನ ತಂಡ, ವಿಳಾಸ, ಕಂಪನಿಯ ಪರವಾಗಿ ಸಹಿ ಮಾಡಿದವರು, ಇವೆಲ್ಲ ಒಂದಕ್ಕೊಂದು ಹೊಂದಬೇಕು. ಆ ದಿನಾಂಕದಂದು ಆಟಗಾರ ಎಲ್ಲಿ ಆಡುತ್ತಿದ್ದ ಎಂಬುದು ದಾಖಲೆಗಳಲ್ಲಿ ಸುಲಭವಾಗಿ ಸಿಗುತ್ತದೆ. ಆತ ಅಪ್ರಾಪ್ತ ವಯಸ್ಕನಾಗಿದ್ದರೆ ತಂದೆ ಅಥವಾ ಪೋಷಕರ ಸಹಿ ಇದೆಯೇ ನೋಡಿ. ಇದ್ದರೆ ಅದು ದಾಖಲೆಯನ್ನು ಇನ್ನಷ್ಟು ಗಟ್ಟಿಗೊಳಿಸುತ್ತದೆ.

ಸುಲ್ತಾನ್‌ಪೇಟೆ ಅಚ್ಚುಮನೆ:

ನಾನು ಬೇಸ್‌ಬಾಲ್ ಬಲ್ಲವನಲ್ಲ, ಆದರೆ ಬೆಂಗಳೂರಿನ ಸುಲ್ತಾನ್‌ಪೇಟೆಯ ಆಫ್‌ಸೆಟ್ ಮುದ್ರಣದಲ್ಲಿ ಬಹುಕಾಲ ಕೆಲಸ ಮಾಡಿದ್ದೇನೆ. ಪ್ರೂಫ್‌ಗಳ ಪ್ರಶ್ನೆ ಬಂದದ್ದರಿಂದ ಬರೆಯುತ್ತಿದ್ದೇನೆ. ಗಣಕಯಂತ್ರದಿಂದ ನೇರವಾಗಿ ಪ್ಲೇಟ್ ತೆಗೆಯುವ ಕಾಲಕ್ಕೆ ಮೊದಲು ಬಣ್ಣದ ಮುದ್ರಣ ಎಲ್ಲ ಊರುಗಳಲ್ಲಿಯೂ ಹೆಚ್ಚುಕಡಿಮೆ ಒಂದೇ ಹಾದಿಯಲ್ಲಿ ನಡೆಯುತ್ತಿತ್ತು. ಬಣ್ಣದ ಪಾರದರ್ಶಿಕೆಯಿಂದ (ಸ್ಲೈಡ್) ಹಳದಿ, ಮಜೆಂಟಾ (ನೇರಳೆಗೆಂಪು), ಸಯಾನ್ (ಹಸಿರುನೀಲಿ), ಕಪ್ಪು ಎಂದು ನಾಲ್ಕು ಫಿಲಂಗಳನ್ನು ಬೇರ್ಪಡಿಸುತ್ತಿದ್ದೆವು. ಪ್ರತಿ ಫಿಲಂನಿಂದ ಒಂದು ಪ್ಲೇಟ್ ಆಗುತ್ತಿತ್ತು. ಕೆಲಸ ದೊಡ್ಡದಾಗಿದ್ದರೆ ಮುದ್ರಣಕ್ಕೆ ಮೊದಲು ಒಂದೊಂದು ಬಣ್ಣವನ್ನು ಬಿಡಿಯಾಗಿಯೂ, ಒಂದರ ಮೇಲೊಂದು ಕೂಡಿಸಿಯೂ ಪ್ರೂಫ್ ಎತ್ತುತ್ತಿದ್ದೆವು. ಹಳದಿ ಮಾತ್ರ, ಮಜೆಂಟಾ ಮಾತ್ರ, ಹಳದಿ ಮತ್ತು ಮಜೆಂಟಾ ಕೂಡಿದ್ದು, ಅದರ ಮೇಲೆ ಸಯಾನ್ ಕೂಡಿದ್ದು, ಕೊನೆಗೆ ಕಪ್ಪೂ ಸೇರಿದ ಪೂರ್ಣ ಚಿತ್ರ, ಹೀಗೆ ಸಾಗುತ್ತಿತ್ತು. ಎಡಿಸನ್ ಸರ್ ಅವರಿಗೆ ತೋರಿಸಿದ ಗುಂಪಿನಲ್ಲಿ ಕೂಡಿಸಿದ ಹಂತಗಳೂ ಇವೆಯೇ ಅಥವಾ ಬಿಡಿ ಬಣ್ಣಗಳು ಮಾತ್ರವೇ ಎಂಬುದನ್ನು ಮೊದಲು ಕೇಳಬೇಕು.

ನಂತರ ಒಂದು ಒಳ್ಳೆಯ ಭೂತಗನ್ನಡಿ ಹಿಡಿಯಿರಿ. ಹಳೆಯ ಆಫ್‌ಸೆಟ್ ಮುದ್ರಣದಲ್ಲಿ ಚಿತ್ರವು ಸಾಲಾಗಿ ಕೂತ ಚುಕ್ಕೆಗಳಿಂದ ಆಗಿರುತ್ತದೆ. ಪ್ರತಿ ಬಣ್ಣದ ಚುಕ್ಕೆಸಾಲು ಬೇರೆ ಬೇರೆ ಕೋನದಲ್ಲಿ ಓರೆಯಾಗಿರುತ್ತದೆ. ಎಲ್ಲ ಬಣ್ಣಗಳೂ ಒಂದೇ ಕೋನದಲ್ಲಿದ್ದರೆ ಮುದ್ರಣದಲ್ಲಿ ಅಲೆಯಂತಹ ಗೆರೆಗಳು ಏಳುತ್ತವೆ. ಕಪ್ಪು ಅಕ್ಷರಗಳು ಸಾಮಾನ್ಯವಾಗಿ ಚುಕ್ಕೆಗಳಿಲ್ಲದ ಗಟ್ಟಿ ಮಸಿಯಲ್ಲಿ ಇರುತ್ತವೆ. ಮನೆಯ ಇಂಕ್‌ಜೆಟ್ ಯಂತ್ರದಿಂದ ತೆಗೆದ ನಕಲಿನಲ್ಲಿ ಚುಕ್ಕೆಗಳು ಸಾಲು ತಪ್ಪಿ ಚೆದುರಿರುತ್ತವೆ, ಅಕ್ಷರಗಳ ಅಂಚಿನಲ್ಲಿಯೂ ಬಣ್ಣ ಚೆದುರಿರುತ್ತದೆ. ಮುದ್ರಿತ ಕಾರ್ಡನ್ನೇ ಸ್ಕ್ಯಾನ್ ಮಾಡಿ ಮತ್ತೆ ಅಚ್ಚು ಹಾಕಿದ್ದರೆ ಚುಕ್ಕೆಯ ಮೇಲೆ ಚುಕ್ಕೆ ಬಿದ್ದು ಚಿತ್ರ ಮಸುಕಾಗಿರುತ್ತದೆ. ಬಣ್ಣಗಳನ್ನು ಸರಿಯಾಗಿ ಕೂಡಿಸಲು ಅಂಚಿನಲ್ಲಿ ಹಾಕುವ ಅಡ್ಡಗೆರೆ ಗುರುತುಗಳು ಎಲ್ಲ ಹಂತಗಳಲ್ಲಿಯೂ ಒಂದೇ ಸ್ಥಳದಲ್ಲಿರಬೇಕು. ಹಿಂಬದಿ ಖಾಲಿಯಾಗಿರುವುದು ಪ್ರೂಫ್‌ಗೆ ಸಹಜ. ಆದರೆ ಹಿಂಬದಿ ಖಾಲಿ ಇದ್ದ ಮಾತ್ರಕ್ಕೆ ಅದು ಪ್ರೂಫ್ ಆಗುವುದಿಲ್ಲ, ಅಚ್ಚಿನಲ್ಲಿ ಒಂದು ಬದಿ ತಪ್ಪಿದ ಹಾಳೆಯೂ ಹಾಗೆಯೇ ಇರುತ್ತದೆ.

ಹಳೆಕಡತ:

ಅಚ್ಚುಮನೆ ಸರ್, ಇಷ್ಟು ಸ್ಪಷ್ಟವಾದ ವಿವರಣೆ ಅಪರೂಪ, ಧನ್ಯವಾದಗಳು. ಪ್ರೂಫ್‌ಗಳಲ್ಲಿ ನಾನು ಹೆಚ್ಚು ಬೆಲೆ ಕೊಡುವುದು ಅಂತಿಮ ಕಾರ್ಡಿಗಿಂತ ಭಿನ್ನವಾಗಿರುವ ಪ್ರೂಫ್‌ಗಳಿಗೆ. ರೆಜಿ ಜಾಕ್ಸನ್ 1976ರಲ್ಲಿ ಬಾಲ್ಟಿಮೋರ್ ಓರಿಯೋಲ್ಸ್ ಪರ ಆಡಿ, ಆ ವರ್ಷದ ನವೆಂಬರ್‌ನಲ್ಲಿ ಯಾಂಕೀಸ್ ಸೇರಿದ. ಟಾಪ್ಸ್ ಅಷ್ಟರಲ್ಲಿ 1977ರ ಕಾರ್ಡನ್ನು ಓರಿಯೋಲ್ಸ್ ಉಡುಪಿನಲ್ಲಿ ಸಿದ್ಧಪಡಿಸಿ ಪ್ರೂಫ್ ತೆಗೆದಿತ್ತು. ಮಾರುಕಟ್ಟೆಗೆ ಬಂದ ಕಾರ್ಡಿನಲ್ಲಿ ಯಾಂಕೀಸ್ ಟೋಪಿ ಮತ್ತು ಉಡುಪನ್ನು ಏರ್‌ಬ್ರಷ್‌ನಿಂದ (ಬಣ್ಣ ಸಿಂಪಡಿಸುವ ಕುಂಚ) ಬರೆದು ಸೇರಿಸಲಾಗಿದೆ. 1967ರ ರೋಜರ್ ಮ್ಯಾರಿಸ್ ಕಾರ್ಡಿನ ಕಥೆಯೂ ಇಂಥದ್ದೇ. ಕಾರ್ಡಿನ ಮೇಲೆ ಆತನ ಹೊಸ ತಂಡವಾದ ಕಾರ್ಡಿನಲ್ಸ್‌ನ ಹೆಸರಿದ್ದರೆ, ಪ್ರೂಫ್‌ನಲ್ಲಿ ಹಳೆಯ ತಂಡ ಯಾಂಕೀಸ್ ಎಂದಿದೆ. ಆಟಗಾರನ ತಂಡ ಬದಲಾವಣೆ ಅಚ್ಚಿನ ಮನೆಯ ಕೆಲಸವನ್ನು ಎಲ್ಲಿ ತಡೆದು ನಿಲ್ಲಿಸಿತು ಎಂಬುದನ್ನು ಇಂತಹ ಪ್ರೂಫ್ ತೋರಿಸಿಕೊಡುತ್ತದೆ. ಒಂದು ಕಾರ್ಡಿನ ಪ್ರೂಫ್, ಅಂತಿಮ ಮುದ್ರಣ ಮತ್ತು ಅದಕ್ಕೆ ಸಂಬಂಧಿಸಿದ ಕರಾರು ಮೂರೂ ಒಬ್ಬರ ಬಳಿ ಸೇರಬೇಕೆಂಬುದು ನನ್ನ ಆಸೆ.

ಕತ್ತರಿಸದ ಹಾಳೆಯೂ ಹೀಗೆಯೇ ಪಾಠ ಹೇಳುತ್ತದೆ. 1952ರ ಟಾಪ್ಸ್ ಸರಣಿಯ ಕೊನೆಯ ಭಾಗದಲ್ಲಿ 311ರಿಂದ 407ರವರೆಗೆ 97 ಕಾರ್ಡ್‌ಗಳಿವೆ, ಹಾಳೆಯಲ್ಲಿದ್ದ ಜಾಗ ನೂರು. ಉಳಿದ ಮೂರು ಜಾಗಗಳಲ್ಲಿ ಮಿಕ್ಕಿ ಮ್ಯಾಂಟಲ್, ಜಾಕಿ ರಾಬಿನ್‌ಸನ್ ಮತ್ತು ಬಾಬಿ ಥಾಮ್ಸನ್ ಕಾರ್ಡ್‌ಗಳನ್ನು ಎರಡನೆಯ ಬಾರಿ ಅಚ್ಚು ಹಾಕಿದರು. 2022ರಲ್ಲಿ 1.26 ಕೋಟಿ ಡಾಲರ್‌ಗೆ ಹರಾಜಾದ 311ನೆಯ ಸಂಖ್ಯೆಯ ಮ್ಯಾಂಟಲ್ ಕಾರ್ಡ್, ಆ ಭಾಗದ ಬಹುಪಾಲು ಕಾರ್ಡ್‌ಗಳಿಗಿಂತ ಇಮ್ಮಡಿ ಸಂಖ್ಯೆಯಲ್ಲಿ ಮುದ್ರಣವಾಗಿತ್ತು. ಆ ಭಾಗವೇ ಒಟ್ಟಾರೆ ವಿರಳವಾದದ್ದು ಮಾರಾಟವಾಗದೆ ಉಳಿದ ದಾಸ್ತಾನನ್ನು 1960ರಲ್ಲಿ ದೋಣಿಯಲ್ಲಿ ಒಯ್ದು ಅಟ್ಲಾಂಟಿಕ್ ಸಮುದ್ರಕ್ಕೆ ಸುರಿದದ್ದರಿಂದ.

ಸಂಜೆಯ ಓದುಗ:

ಒಂದು ಸಣ್ಣ ಪ್ರಶ್ನೆ. ಈಗಿನ ಪೊಟ್ಟಣಗಳಲ್ಲಿ ಒಮ್ಮೊಮ್ಮೆ ಲೋಹದ ಮುದ್ರಣ ಪ್ಲೇಟ್ ಸಿಗುತ್ತದೆ. ಅದನ್ನೂ ಈ ಬಗೆಯ ಸಾಮಗ್ರಿ ಎಂದೇ ಎಣಿಸಬಹುದೇ?

ಸುಲ್ತಾನ್‌ಪೇಟೆ ಅಚ್ಚುಮನೆ:

ಒಂದು ಕಾರ್ಡಿಗೆ ನಾಲ್ಕು ಬಣ್ಣದ ನಾಲ್ಕು ಪ್ಲೇಟ್ ಎಂಬ ಲೆಕ್ಕ ಅಲ್ಲಿಯೂ ಇದೆ, ಪ್ರತಿಯೊಂದೂ ಒಂದೇ ಒಂದು ಎಂಬುದೂ ನಿಜ. ಆದರೆ ಅದು ಸಂಗ್ರಾಹಕರಿಗೆ ಸಿಗಲೆಂದೇ ಕತ್ತರಿಸಿ ಪೊಟ್ಟಣಕ್ಕೆ ಹಾಕಿದ ವಸ್ತು. ಯಾರೂ ಕಾಯ್ದಿಡಬೇಕೆಂದು ಯೋಚಿಸದೆ ಕಪಾಟಿನ ಮೂಲೆಯಲ್ಲಿ ಉಳಿದುಹೋದ 1950ರ ದಶಕದ ಫಿಲಂ ತುಂಡಿಗೂ ಅದಕ್ಕೂ ನನ್ನ ಮನಸ್ಸಿನಲ್ಲಿ ದೂರ ಬಹಳ. ಕೊಳ್ಳಬಾರದೆಂದು ನಾನು ಹೇಳುವುದಿಲ್ಲ, ಎರಡನ್ನೂ ಒಂದೇ ಸಾಲಿನಲ್ಲಿ ಇಡಲು ಮಾತ್ರ ಒಪ್ಪಲಾರೆ.

ಬೇ ಏರಿಯಾ ಸಂಗ್ರಾಹಕ:

ಕತ್ತರಿಸದ ಹಾಳೆಗಳ ಬಗ್ಗೆ ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಮಡಿಕೆ ಬಿದ್ದು, ಅಂಚು ಹರಿದು, ನೀರಿನ ಕಲೆ ಹತ್ತಿದ ಹಾಳೆಯಲ್ಲಿ ನಡುವಿನ ಕೆಲವು ಕಾರ್ಡ್‌ಗಳು ಮಾತ್ರ ಚೆನ್ನಾಗಿದ್ದರೆ ಅವುಗಳನ್ನು ಕತ್ತರಿಸಿ ಉಳಿಸಿಕೊಳ್ಳುವುದರಲ್ಲಿ ತಪ್ಪೇನಿದೆ? 132 ಕಾರ್ಡ್‌ಗಳ ಒಂದು ಹಾಳೆಯನ್ನು ಚಪ್ಪಟೆಯಾಗಿ ಇಡಲು ಎಷ್ಟು ಜನರ ಮನೆಯಲ್ಲಿ ಸ್ಥಳವಿದೆ?

ಹಳೆಕಡತ:

ಸ್ಥಳದ ಕಷ್ಟ ನನಗೂ ಗೊತ್ತು, ಆದರೂ ಕತ್ತರಿಸುವುದನ್ನು ನಾನು ಬಲವಾಗಿ ವಿರೋಧಿಸುತ್ತೇನೆ. ಹಾಳೆಯಿಂದ ಈಗ ಕತ್ತರಿಸಿದ ಕಾರ್ಡ್ ಕಾರ್ಖಾನೆಯಲ್ಲಿ ಕತ್ತರಿಸಿದ ಕಾರ್ಡ್ ಆಗುವುದಿಲ್ಲ, ಆದರೆ ಕೆಲವು ಕೈಗಳು ಬದಲಾದ ಮೇಲೆ ಅದನ್ನು ಹಾಗೆಂದೇ ಮಾರುವವರು ಹುಟ್ಟಿಕೊಳ್ಳುತ್ತಾರೆ. ಹೋನಸ್ ವ್ಯಾಗ್ನರ್ ಕಾರ್ಡನ್ನು ನೆನಪಿಸಿಕೊಳ್ಳಿ. 1909ರಿಂದ 1911ರವರೆಗೆ ಅಮೆರಿಕನ್ ಟೊಬ್ಯಾಕೊ ಕಂಪನಿ ಸಿಗರೇಟಿನ ಜೊತೆ ಕೊಟ್ಟ ಟಿ206 ಸರಣಿಯಲ್ಲಿ ಆತ ತನ್ನ ಚಿತ್ರಕ್ಕೆ ಅನುಮತಿ ಕೊಡದ ಕಾರಣ ಕಾರ್ಡಿನ ಮುದ್ರಣ ನಿಂತು, ಅದು ಅತ್ಯಂತ ವಿರಳವಾಯಿತು. ಅನುಮತಿ ಪತ್ರ ಇಲ್ಲದಿರುವುದೇ ಆ ಕಾರ್ಡಿನ ಬೆಲೆಗೆ ಮೂಲ. ಅವುಗಳಲ್ಲಿ ಅತ್ಯಂತ ಹೆಸರಾದ ಪ್ರತಿಯನ್ನು 1985ರಲ್ಲಿ ಕೊಂಡ ವ್ಯಾಪಾರಿ ಬಿಲ್ ಮ್ಯಾಸ್ಟ್ರೋ, ಅದರ ಅಂಚುಗಳನ್ನು ತಾನೇ ಕತ್ತರಿಸಿದ್ದಾಗಿ 2013ರಲ್ಲಿ ನ್ಯಾಯಾಲಯದ ಮುಂದೆ ಒಪ್ಪಿಕೊಂಡ. ಅಷ್ಟು ಹೊತ್ತಿಗೆ ಆ ಕಾರ್ಡ್, ಕಾರ್ಡ್‌ಗಳ ಸ್ಥಿತಿಯನ್ನು ಪರೀಕ್ಷಿಸುವ ಪಿಎಸ್‌ಎ ಸಂಸ್ಥೆ ದರ್ಜೆ ನೀಡಿದ ಮೊಟ್ಟಮೊದಲ ಕಾರ್ಡ್ ಎನಿಸಿಕೊಂಡು ಹಲವರ ಕೈ ದಾಟಿತ್ತು.

ಇದಕ್ಕೆ ವಿರುದ್ಧವಾದ ಉದಾಹರಣೆಯೂ ಅದೇ ಆಟಗಾರನದು. ವ್ಯಾಗ್ನರ್ ಚಿತ್ರವಿರುವ, ಐವರು ಆಟಗಾರರ ಒಂದು ಪ್ರೂಫ್ ಪಟ್ಟಿ ಉಳಿದಿದೆ. ಆತನ ಒಂದು ಪಕ್ಕದಲ್ಲಿ ಮೊರ್ಡೆಕಾಯ್ ಬ್ರೌನ್, ಇನ್ನೊಂದು ಪಕ್ಕದಲ್ಲಿ ಬೌವರ್‌ಮನ್, ಆಮೇಲೆ ಸೈ ಯಂಗ್ ಮತ್ತು ಕ್ಲಿಂಗ್. ಕೈಯಲ್ಲಿ ಎಳೆದ ಗುರುತುಗಳೂ ಮಡಿಕೆಗಳೂ ಇರುವ ಆ ಪಟ್ಟಿಯನ್ನು ಯಾರಾದರೂ ಅಂದಗೊಳಿಸಲು ಕತ್ತರಿಸಿದ್ದರೆ, ಆ ಚಿತ್ರಗಳು ಅಚ್ಚಿನ ಕಲ್ಲಿನ ಮೇಲೆ ಒಟ್ಟಿಗೆ ಇದ್ದವು ಎಂಬ ಮಾಹಿತಿಯೇ ಇಲ್ಲವಾಗುತ್ತಿತ್ತು.

ಧಾರವಾಡದ ವಕೀಲೆ:

ತಂಡದೊಂದಿಗಿನ ಕರಾರುಗಳ ಬಗ್ಗೆಯೂ ಒಂದು ಮಾತು ಹೇಳಲೇಬೇಕು, ಏಕೆಂದರೆ ಅಲ್ಲಿ ಅಪಾಯ ಬೇರೆ ತರದ್ದು. ಬೇಸ್‌ಬಾಲ್‌ನ ಮಹಾನ್ ಆಟಗಾರ ಬೇಬ್ ರೂತ್‌ನನ್ನು ಬಾಸ್ಟನ್ ರೆಡ್ ಸಾಕ್ಸ್ ತಂಡವು ಯಾಂಕೀಸ್‌ಗೆ 1 ಲಕ್ಷ ಡಾಲರ್‌ಗೆ ಮಾರಿದ, 1919ರ ಡಿಸೆಂಬರ್ 26ರ ಒಪ್ಪಂದ ಪತ್ರ 2005ರಲ್ಲಿ ಸೋದಬೀಸ್ ಹರಾಜಿನಲ್ಲಿ 9,96,000 ಡಾಲರ್ ತಂದಿತು. ಇಂತಹ ಬೆಲೆ ಇರುವ ಕಡೆ ಎರಡು ಬಗೆಯ ಕೆಟ್ಟ ವಸ್ತುಗಳು ಸೇರುತ್ತವೆ, ಖೋಟಾ ಮತ್ತು ಕಳವು. ಖೋಟಾ ಸಹಿಗಳ ಜಾಲವನ್ನು ಎಫ್‌ಬಿಐ ಆಪರೇಷನ್ ಬುಲ್‌ಪೆನ್ ಎಂಬ ತನಿಖೆಯಲ್ಲಿ ಹಿಡಿದದ್ದು ಅನೇಕರಿಗೆ ತಿಳಿದಿದೆ. ಕಳವಿನ ವಿಷಯವನ್ನು ಜನ ಅಷ್ಟು ಗಮನಿಸುವುದಿಲ್ಲ. 19ನೆಯ ಶತಮಾನದ ಆಟಗಾರ ಹಾಗೂ ವ್ಯವಸ್ಥಾಪಕ ಹ್ಯಾರಿ ರೈಟ್‌ಗೆ ಬಂದಿದ್ದ ಪತ್ರಗಳು 2009ರಲ್ಲಿ ಹರಾಜಿಗೆ ಬಂದಾಗ, ಅವು ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯದ ಸಂಗ್ರಹದಿಂದ ಹೋದವು ಎಂಬ ಅನುಮಾನದ ಮೇಲೆ ಎಫ್‌ಬಿಐ ತನಿಖೆ ಆರಂಭಿಸಿತು.

ಹಾಗಾಗಿ ಸಹಿ ನಿಜವೇ ಎಂಬ ಪ್ರಶ್ನೆಯ ಜೊತೆಗೆ, ಈ ಪತ್ರ ಕಚೇರಿಯ ಕಡತದಿಂದ ಹೊರಗೆ ಬಂದದ್ದು ಹೇಗೆ ಎಂಬುದನ್ನೂ ಕೇಳಬೇಕು. ಸಹಿಯನ್ನು ದೃಢೀಕರಿಸುವ ಸಂಸ್ಥೆ ಒಡೆತನವನ್ನು ದೃಢೀಕರಿಸುವುದಿಲ್ಲ. ಗ್ರಂಥಾಲಯದ ಮುದ್ರೆ, ಉಜ್ಜಿ ಅಳಿಸಿದ ಗುರುತು, ಕತ್ತರಿಸಿದ ಅಂಚು ಕಂಡರೆ, ಬೆಲೆ ಎಷ್ಟೇ ಕಡಿಮೆ ಇದ್ದರೂ ಕೈಬಿಡಿ. ಟಾಪ್ಸ್ ಕಾಗದಗಳ ಒಂದು ಅನುಕೂಲವೆಂದರೆ, ಕಂಪನಿ ತಾನೇ ತನ್ನ ಸಂಗ್ರಹದಿಂದ 1989ರಲ್ಲಿ ಹರಾಜಿನ ಮೂಲಕವೂ, ಮುಂದೆ ಟಾಪ್ಸ್ ವಾಲ್ಟ್ ಎಂಬ ಹೆಸರಿನಲ್ಲಿಯೂ ಮೂಲ ಸಾಮಗ್ರಿಗಳನ್ನು ಮಾರಿದೆ. ಆ ದಾರಿಯಲ್ಲಿ ಬಂದ ವಸ್ತುವಿಗೆ ಕಂಪನಿಯ ಹಾಲೊಗ್ರಾಂ ಮತ್ತು ಪತ್ರ ಇದ್ದರೆ ಒಡೆತನದ ಸರಪಳಿಯ ಮೊದಲ ಕೊಂಡಿ ಗಟ್ಟಿಯಾಗುತ್ತದೆ.

ಸುಲ್ತಾನ್‌ಪೇಟೆ ಅಚ್ಚುಮನೆ:

ಕೊಂಡ ಮೇಲಿನ ಜೋಪಾನದ ಬಗ್ಗೆ ಯಾರೂ ಬರೆದಿಲ್ಲವಾದ್ದರಿಂದ ಸೇರಿಸುತ್ತೇನೆ. ಹಳೆಯ ಅಸಿಟೇಟ್ ಫಿಲಂ ಹಾಳಾಗತೊಡಗಿದಾಗ ವಿನೆಗರ್‌ನಂತಹ ಹುಳಿ ವಾಸನೆ ಬರುತ್ತದೆ. ಆ ಆಮ್ಲ ಪಕ್ಕದ ಫಿಲಂಗಳನ್ನೂ ಕೆಡಿಸುವುದರಿಂದ ಅಂತಹ ತುಂಡನ್ನು ತಕ್ಷಣ ಬೇರೆ ಇಡಬೇಕು. ತಂಪು ಮತ್ತು ಕಡಿಮೆ ತೇವ ಎರಡೂ ಬೇಕು. ಪಿವಿಸಿ ಹಾಳೆಚೀಲ ಬೇಡ, ಪಾಲಿಯೆಸ್ಟರ್ ಚೀಲ ಬಳಸಿ. ಕರಾರು ಪತ್ರಕ್ಕೆ ಲ್ಯಾಮಿನೇಷನ್ ಮಾಡಿಸಬೇಡಿ, ಅಂಟು ಟೇಪ್ ಹಚ್ಚಬೇಡಿ, ಸ್ಟೇಪಲ್ ಪಿನ್ನಿನ ತುಕ್ಕನ್ನು ನೀವೇ ಕೆರೆಯಲು ಹೋಗಬೇಡಿ. ಮಸಿ ಲೇಖನಿಯ ಸಹಿಗೆ ಬೆಳಕೇ ಶತ್ರು. ಗೋಡೆಯ ಮೇಲೆ ಹಾಕುವ ಆಸೆ ಇದ್ದರೆ ಒಳ್ಳೆಯ ಪ್ರತಿಯನ್ನು ತೆಗೆಸಿ ಅದನ್ನು ಚೌಕಟ್ಟಿಗೆ ಹಾಕಿ.

ಎಡಿಸನ್ ನಿವಾಸಿ:

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಪ್ರೂಫ್ ಮಾರುವವರನ್ನು ಅಚ್ಚುಮನೆ ಸರ್ ಹೇಳಿದಂತೆ ವಿಚಾರಿಸಿದೆ. ಬಿಡಿ ಬಣ್ಣದ ನಾಲ್ಕು ಮಾತ್ರ ಇವೆ, ಅಂಚಿನ ಗುರುತುಗಳನ್ನು ಕತ್ತರಿಸಲಾಗಿದೆ, ಎಲ್ಲಿಂದ ಬಂದವು ಎಂಬುದಕ್ಕೆ ಕಾಗದವಿಲ್ಲ. ಕರಾರು ಪತ್ರಕ್ಕೆ ಕಂಪನಿಯ ಪತ್ರ ಮತ್ತು ಹಾಲೊಗ್ರಾಂ ಎರಡೂ ಇವೆ, ಆಟಗಾರನ ಜೊತೆ ಆತನ ತಂದೆಯ ಸಹಿಯೂ ಇದೆ, ದಿನಾಂಕ ಆತ ಮೈನರ್ ಲೀಗಿನಲ್ಲಿ ಆಡುತ್ತಿದ್ದ ವರ್ಷಕ್ಕೆ ಹೊಂದುತ್ತದೆ. ಕರಾರನ್ನೇ ಕೊಳ್ಳಲು ತೀರ್ಮಾನಿಸಿದ್ದೇನೆ. ಈ ಆಟಗಾರನ 1969ರ ಕಾರ್ಡಿನಲ್ಲಿ ಟೋಪಿಯಿಲ್ಲದ ಹಳೆಯ ಚಿತ್ರವಿದೆ. ಅದಕ್ಕೂ ಕರಾರಿಗೂ ಸಂಬಂಧ ಇರಬಹುದೇ?

ಹಳೆಕಡತ:

ಸಂಬಂಧ ಇರುವ ಸಾಧ್ಯತೆ ಹೆಚ್ಚು. ಆಟಗಾರರ ಸಂಘದ ಮಾರ್ವಿನ್ ಮಿಲ್ಲರ್ ಅವರ ನಾಯಕತ್ವದಲ್ಲಿ 1968ರಲ್ಲಿ ಆಟಗಾರರು ಟಾಪ್ಸ್ ಛಾಯಾಗ್ರಾಹಕರ ಮುಂದೆ ನಿಲ್ಲಲು ನಿರಾಕರಿಸಿದರು, ಕರಾರುಗಳ ನವೀಕರಣಕ್ಕೂ ಸಹಿ ಹಾಕಲಿಲ್ಲ. ಆದ್ದರಿಂದ 1969ರ ಸರಣಿಯಲ್ಲಿ ಹಳೆಯ ಚಿತ್ರಗಳು ಬಹಳ ಇವೆ. 1968ರ ಕೊನೆಗೆ ಆದ ಹೊಸ ಒಪ್ಪಂದದಲ್ಲಿ ವರ್ಷದ 125 ಡಾಲರ್ 250 ಆಯಿತು, ಅದರ ಮೇಲೆ ಮಾರಾಟದ 40 ಲಕ್ಷ ಡಾಲರ್‌ವರೆಗೆ ಶೇಕಡಾ 8, ಅದಕ್ಕಿಂತ ಮೇಲಿನದಕ್ಕೆ ಶೇಕಡಾ 10 ಗೌರವಧನವೂ (ರಾಯಲ್ಟಿ) ಸೇರಿತು. ಆದರೆ ತಂಡ ಬದಲಾಯಿಸಿದವರಿಗೂ ಟೋಪಿಯಿಲ್ಲದ ಚಿತ್ರ ಬಳಸುತ್ತಿದ್ದರು. ಆತ ಆ ಸಮಯದಲ್ಲಿ ತಂಡ ಬದಲಾಯಿಸಿದ್ದನೇ ನೋಡಿಕೊಳ್ಳಿ. ಕರಾರು ಕೈಸೇರಿದ ಮೇಲೆ ಅದರಲ್ಲಿ ಪಾವತಿಯ ಮೊತ್ತ ಮತ್ತು ಅವಧಿಯ ಷರತ್ತು ಏನಿದೆ ಎಂಬುದನ್ನು ಇಲ್ಲಿ ಬರೆಯಿರಿ. ನನ್ನ ಬಳಿ ಇರುವ ಹಿಂದಿನ ವರ್ಷಗಳ ಪತ್ರಗಳೊಂದಿಗೆ ಹೋಲಿಸಿ ನೋಡೋಣ.